ಕಿಡ್ನಿ ಸೋಲುತ್ತಿರುವವರನ್ನು ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ: ರಿಪೋರ್ಟಿನ ಜೊತೆ ಮೈಯನ್ನೂ ಓದಿ

ಕಿಡ್ನಿ ಕೆಟ್ಟರೆ ಸೊಂಟ ನೋಯುತ್ತದೆ ಎಂದು ತುಂಬ ಜನ ನಂಬಿದ್ದಾರೆ. ಕಲ್ಲಿದ್ದರೆ ನೋಯುತ್ತದೆ, ಸೋಂಕಾದರೆ ನೋಯುತ್ತದೆ, ಸರಿ. ಆದರೆ ಶುಗರ್, ಬಿಪಿಯಿಂದ ವರ್ಷಗಟ್ಟಲೆ ನಿಧಾನವಾಗಿ ಹಾಳಾಗುವ ಕಿಡ್ನಿ ಸಾಮಾನ್ಯವಾಗಿ ನೋಯುವುದೇ ಇಲ್ಲ. ಅದರ ಬದಲು ಬಾಯಿರುಚಿ, ನಿದ್ದೆ, ಚರ್ಮ, ಉಸಿರು, ಮೂಳೆ ಒಂದೊಂದಾಗಿ ಕೆಡುತ್ತಾ ಹೋಗುತ್ತವೆ. ಒಂದೊಂದಕ್ಕೂ ಮನೆಯಲ್ಲಿ ಒಂದೊಂದು ಕಾರಣ ರೆಡಿ ಇರುತ್ತದೆ. ಬೆಳಗ್ಗೆ ವಾಂತಿ ಬಂದರೆ ಪಿತ್ತ, ಊಟ ಸೇರದಿದ್ದರೆ ಗ್ಯಾಸ್, ಮೈ ಕೆರೆದರೆ ನಂಜು, ಸುಸ್ತಾದರೆ ವಯಸ್ಸು. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ದೊಡ್ಡದಲ್ಲ. ಕಿಡ್ನಿ ತೊಂದರೆ ಇದೆ ಎಂದು ಗೊತ್ತಿರುವ ಮನೆಯಲ್ಲಿ ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಬೇಕು, ಅಷ್ಟೇ ವಿಷಯ. ನಾನು ಡಾಕ್ಟರ್ ಅಲ್ಲ, ಮನೆಯಲ್ಲಿ ಒಬ್ಬರನ್ನು ನೋಡಿಕೊಳ್ಳುವ ಕೆಲಸ ಬಿದ್ದಾಗ ಕೇಳಿ, ಓದಿ ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇನೆ. ಮಾತ್ರೆಯನ್ನಾಗಲಿ ಪಥ್ಯವನ್ನಾಗಲಿ ಬದಲಿಸುವ ಮುಂಚೆ ನಿಮ್ಮ ಡಾಕ್ಟರನ್ನು ಕೇಳಿ.

ಮೊದಲು ರಿಪೋರ್ಟ್

ಎಲ್ಲರೂ ನೋಡುವುದು ಕ್ರಿಯಾಟಿನಿನ್ ಒಂದನ್ನೇ, ಅಂದರೆ ಕಿಡ್ನಿ ಹೊರಹಾಕಬೇಕಾದ ಒಂದು ಕಸ ರಕ್ತದಲ್ಲಿ ಎಷ್ಟಿದೆ ಎಂಬುದನ್ನು. "ನಮ್ಮವರಿಗೆ ಒಂದೂವರೆ ಇದೆ, ಪಕ್ಕದ ಮನೆಯವರಿಗೂ ಒಂದೂವರೆ ಇದೆ, ಅವರು ಆರಾಮಾಗಿದ್ದಾರೆ" ಎಂದು ಹೋಲಿಸುತ್ತಾರೆ. ಈ ಹೋಲಿಕೆ ಸುಮ್ನೆ. ಕ್ರಿಯಾಟಿನಿನ್ ಬರುವುದು ಮಾಂಸಖಂಡದಿಂದ. ಸಣಕಲು ಮೈಯ ಅಜ್ಜಿಗೆ ಖಂಡ ಕಡಿಮೆ, ಆದ್ದರಿಂದ ಕಿಡ್ನಿ ಅರ್ಧಕ್ಕಿಂತ ಜಾಸ್ತಿ ಹೋಗಿದ್ದರೂ ಸಂಖ್ಯೆ ಅಷ್ಟೇನೂ ಏರಿರುವುದಿಲ್ಲ. ಅದಕ್ಕೇ ಇಜಿಎಫ್‌ಆರ್ ನೋಡಬೇಕು. ಕ್ರಿಯಾಟಿನಿನ್ ಜೊತೆ ವಯಸ್ಸು, ಗಂಡೋ ಹೆಣ್ಣೋ ಎಂಬುದನ್ನು ಸೇರಿಸಿ, ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ಲೆಕ್ಕ ಹಾಕಿದ ಸಂಖ್ಯೆ ಅದು. ಈಗ ಬಳಕೆಯಲ್ಲಿರುವ 2021ರ ಸೂತ್ರದ ಪ್ರಕಾರ ಕ್ರಿಯಾಟಿನಿನ್ 1.5 ಇದ್ದರೆ 25 ವರ್ಷದ ಹುಡುಗನ ಇಜಿಎಫ್‌ಆರ್ ಸುಮಾರು 66, 70 ವರ್ಷದ ಹೆಂಗಸಿನದು ಸುಮಾರು 37. ಎಷ್ಟು ದೂರ ನೋಡಿ!

90ರ ಮೇಲಿದ್ದರೆ ಚೆನ್ನಾಗಿದೆ. 60ಕ್ಕಿಂತ ಕೆಳಗೆ ಮೂರು ತಿಂಗಳು ಹಾಗೇ ಉಳಿದರೆ ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನುತ್ತಾರೆ. 30ಕ್ಕಿಂತ ಇಳಿದರೆ ಮುಂದಿನ ತಯಾರಿ ಶುರುವಾಗಬೇಕು. 15ಕ್ಕಿಂತ ಇಳಿದರೆ ಕಿಡ್ನಿ ಸೋತಿದೆ ಎಂದೇ ಲೆಕ್ಕ, ಮತ್ತು ಯುರೀಮಿಯಾ, ಅಂದರೆ ಹೊರಗೆ ಹೋಗಬೇಕಾದ ಕಸ ರಕ್ತದಲ್ಲೇ ಉಳಿದು ಮೈಯನ್ನೆಲ್ಲ ಕೆಡಿಸುವುದು, ಹೆಚ್ಚಾಗಿ ಈ ಹಂತದಲ್ಲೇ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಮುಂಚೆ ವರ್ಷಗಟ್ಟಲೆ ಏನೂ ಗೊತ್ತಾಗದೆ ಇರಬಹುದು, ಇದೇ ಈ ಕಾಯಿಲೆಯ ಕೆಟ್ಟ ಗುಣ. ಒಂದು ರಿಪೋರ್ಟ್ ನೋಡಿ ಹೆದರುವ ಬದಲು ಹಳೆಯ ರಿಪೋರ್ಟುಗಳನ್ನೆಲ್ಲ ತಾರೀಕಿನ ಪ್ರಕಾರ ಜೋಡಿಸಿ, ಎಷ್ಟು ಬೇಗ ಇಳಿಯುತ್ತಿದೆ ಎಂದು ನೋಡಿ.

ಯೂರಿಯಾ ವಿಷಯದಲ್ಲಿ ಒಂದು ಗೊಂದಲ ಆಗುತ್ತದೆ. ಕೆಲವು ಲ್ಯಾಬ್‌ಗಳು ಬ್ಲಡ್ ಯೂರಿಯಾ ಕೊಡುತ್ತವೆ, ಕೆಲವು ಬಿಯುಎನ್, ಅಂದರೆ ಯೂರಿಯಾದಲ್ಲಿರುವ ನೈಟ್ರೋಜನ್ ಅಷ್ಟನ್ನೇ ಕೊಡುತ್ತವೆ. ಬಿಯುಎನ್ ಅನ್ನು 2.14ರಿಂದ ಗುಣಿಸಿದರೆ ಯೂರಿಯಾ. ಲ್ಯಾಬ್ ಬದಲಿಸಿದ ಮೇಲೆ ಸಂಖ್ಯೆ ಒಮ್ಮೆಲೇ ಅರ್ಧಕ್ಕಿಳಿದರೆ ಖುಷಿಪಡುವ ಮುಂಚೆ ಇದನ್ನು ನೋಡಿಕೊಳ್ಳಿ.

ಇನ್ನು "ಮೂತ್ರ ಚೆನ್ನಾಗಿ ಹೋಗುತ್ತಿದೆ, ಹಾಗಾಗಿ ಕಿಡ್ನಿ ಸರಿ ಇದೆ" ಎನ್ನುವ ಸಮಾಧಾನ. ಚೆನ್ನಾಗಿರುವ ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಬೇಕಾದದ್ದನ್ನೆಲ್ಲ ವಾಪಸ್ ರಕ್ತಕ್ಕೆ ಕೊಟ್ಟು, ಒಂದೂವರೆ ಲೀಟರ್ ಆಸುಪಾಸು ಹೊರಗೆ ಕಳಿಸುತ್ತವೆ. ಸೋಸುವುದು ಕಡಿಮೆಯಾದರೂ ಕೊನೆಯವರೆಗೆ ನೀರು ಹೋಗುತ್ತಿರಬಹುದು, ಕಸ ಮಾತ್ರ ಒಳಗೇ ಉಳಿಯುತ್ತದೆ. ರಾತ್ರಿ ಎರಡು ಮೂರು ಸಲ ಎದ್ದು ಹೋಗುವುದು, ನೊರೆ ಬಂದು ಬೇಗ ಆರದಿರುವುದು ಇವನ್ನು ಗಮನಿಸಿ. ನೊರೆ ಎಂದರೆ ಪ್ರೋಟೀನ್ ಸೋರುತ್ತಿರಬಹುದು.

ಮೈಯಲ್ಲಿ ಏನೇನು ನೋಡಬೇಕು

ಬಾಯಿಯಿಂದ ಶುರು ಮಾಡಿ. ಬೆಳಗ್ಗೆ ಎದ್ದಾಗ ಓಕರಿಕೆ, ಬಾಯಲ್ಲಿ ಲೋಹ ಇಟ್ಟುಕೊಂಡಂಥ ರುಚಿ, ಮಾಂಸ ತಿನ್ನುವವರಿಗೆ ಮಾಂಸ ಕಂಡರಾಗದು ಅನ್ನಿಸುವುದು. ಉಸಿರಲ್ಲಿ ಮೂತ್ರದಂಥ ವಾಸನೆ ಬರುತ್ತದೆ, ಏಕೆಂದರೆ ಎಂಜಲಿನಲ್ಲಿ ಸೇರಿದ ಯೂರಿಯಾವನ್ನು ಬಾಯಿಯ ಬ್ಯಾಕ್ಟೀರಿಯಾ ಒಡೆದು ಅಮೋನಿಯಾ ಮಾಡುತ್ತವೆ. ಹಲ್ಲುಜ್ಜಿದರೆ ಹೋಗುವ ವಾಸನೆ ಅಲ್ಲ ಇದು. ನಿಲ್ಲದ ಬಿಕ್ಕಳಿಕೆಯೂ ಇದರ ಗುರುತೇ. ಊಟ ಬಿಟ್ಟರೆ ತೂಕ ಇಳಿಯಬೇಕು, ಆದರೆ ನೀರು ತುಂಬಿಕೊಳ್ಳುವುದರಿಂದ ತಕ್ಕಡಿ ಅಷ್ಟೇ ತೋರಿಸುತ್ತದೆ. ಕೆನ್ನೆ, ತೋಳು ಸೊರಗಿ ಪಾದ ಊದಿದ್ದರೆ ಮೋಸ ಹೋಗಬೇಡಿ.

ಶುಗರ್ ಇರುವವರ ಮನೆಯಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತದೆ. ಇಷ್ಟು ವರ್ಷ ಹತೋಟಿಗೆ ಬಾರದ ಶುಗರ್ ತಾನಾಗಿ ಇಳಿಯಲು ಶುರುವಾಗುತ್ತದೆ. ಇನ್ಸುಲಿನ್ ಕಡಿಮೆ ಸಾಕಾಗುತ್ತದೆ. ಯಾವುದೋ ಕಷಾಯ ಕುಡಿಯುತ್ತಿದ್ದರೆ ಅದರ ಮಹಿಮೆ ಎಂದು ನಾಲ್ಕು ಜನಕ್ಕೆ ಹೇಳಿಯೂ ಆಗಿರುತ್ತದೆ. ನಿಜವಾಗಿ ನಡೆದಿರುವುದು ಏನೆಂದರೆ, ಇನ್ಸುಲಿನ್ನನ್ನು ಒಡೆದು ಹೊರಹಾಕುವ ಕೆಲಸದಲ್ಲಿ ಕಿಡ್ನಿಯ ಪಾಲು ದೊಡ್ಡದು, ಆ ಕೆಲಸ ನಿಂತಿದೆ, ಹಾಕಿದ ಇನ್ಸುಲಿನ್ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತಿದೆ. ಹಳೆಯ ಡೋಸನ್ನೇ ಮುಂದುವರಿಸಿದರೆ ನಡುರಾತ್ರಿ ಶುಗರ್ ಬಿದ್ದು ಪ್ರಜ್ಞೆ ತಪ್ಪಬಹುದು. ಕಾರಣವಿಲ್ಲದೆ ಶುಗರ್ ಇಳಿದರೆ ಅದೇ ವಾರ ಕ್ರಿಯಾಟಿನಿನ್ ಮಾಡಿಸಿ.

ಸುಸ್ತು. ಮೂಳೆಯ ಮಜ್ಜೆಗೆ "ಕೆಂಪು ಕಣ ಮಾಡು" ಎಂದು ಹೇಳುವ ಎರಿತ್ರೋಪೊಯೆಟಿನ್ ಎಂಬ ಹಾರ್ಮೋನ್ ಹೆಚ್ಚಾಗಿ ಕಿಡ್ನಿಯಿಂದಲೇ ಬರುತ್ತದೆ. ಅದು ನಿಂತರೆ ರಕ್ತ ಕಡಿಮೆಯಾಗುತ್ತದೆ. ಬೀಟ್‌ರೂಟ್, ಖರ್ಜೂರ ತಿನ್ನಿಸಿ ಇದನ್ನು ಸರಿಮಾಡಲು ಆಗದು, ಮೇಲಾಗಿ ಎರಡರಲ್ಲೂ ಪೊಟ್ಯಾಷಿಯಂ ಜಾಸ್ತಿ, ಸೋತ ಕಿಡ್ನಿ ಹೊರಹಾಕಲಾರದ ಲವಣ ಅದು. ಕಬ್ಬಿಣದ ಅಂಶ ನೋಡಿ, ಬೇಕಾದರೆ ಅದನ್ನು ಕೊಟ್ಟು, ಆಮೇಲೆ ಆ ಹಾರ್ಮೋನಿನ ಇಂಜೆಕ್ಷನ್ ಕೊಡುತ್ತಾರೆ. ಮುಂದೆ ಕಸಿ ಮಾಡಿಸುವ ಯೋಚನೆ ಇದ್ದರೆ ಅನಿವಾರ್ಯವಲ್ಲದೆ ರಕ್ತ ಹಾಕಿಸಬೇಡಿ. ಬೇರೆಯವರ ರಕ್ತದಿಂದ ಹುಟ್ಟುವ ಆಂಟಿಬಾಡಿಗಳಿಂದ ಆಮೇಲೆ ಹೊಂದುವ ಕಿಡ್ನಿ ಸಿಗುವುದೇ ಕಷ್ಟವಾಗಬಹುದು.

ರಕ್ತ ಬೇಗ ನಿಲ್ಲದಿರುವುದು ಬೇರೆ ವಿಷಯ. ಪ್ಲೇಟ್‌ಲೆಟ್ ಲೆಕ್ಕ ಸರಿಯಾಗೇ ಇರುತ್ತದೆ, ಆದರೆ ಯುರೀಮಿಯಾದಲ್ಲಿ ಅವು ಸರಿಯಾಗಿ ಅಂಟಿಕೊಳ್ಳುವುದಿಲ್ಲ. ಒಸಡಿನಲ್ಲಿ, ಮೂಗಿನಲ್ಲಿ ರಕ್ತ, ಸಣ್ಣ ತಾಗುವಿಕೆಗೂ ನೀಲಿ ಕಲೆ. ಹಲ್ಲು ಕೀಳಿಸುವ ಮುಂಚೆ ಹಲ್ಲಿನ ಡಾಕ್ಟರಿಗೆ ಕಿಡ್ನಿ ವಿಷಯ ಹೇಳಲೇಬೇಕು.

ಕೆರೆತಕ್ಕೆ ಚರ್ಮದ ಮುಲಾಮು ಹಚ್ಚಿ ಹಚ್ಚಿ ಸಾಕಾಗಿರುತ್ತದೆ. ಗುಳ್ಳೆ ಇಲ್ಲದೆ ಬೆನ್ನು, ತೋಳು ಕೆರೆಯುತ್ತಿದ್ದರೆ, ರಾತ್ರಿ ಜಾಸ್ತಿಯಾದರೆ, ಫಾಸ್ಫರಸ್, ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನ್) ಎಷ್ಟಿದೆ ಕೇಳಿ. ಸ್ನಾನದ ನಂತರ ಮೈ ಒದ್ದೆ ಇರುವಾಗಲೇ ಕೊಬ್ಬರಿ ಎಣ್ಣೆ ಹಚ್ಚಿದರೆ ಒಣಚರ್ಮಕ್ಕೆ ಸ್ವಲ್ಪ ಆರಾಮ. ಮೂಳೆಯ ಕಥೆಯೂ ಇದಕ್ಕೇ ಸೇರಿದ್ದು: ವಿಟಮಿನ್ ಡಿಯನ್ನು ಕೆಲಸಕ್ಕೆ ಬರುವ ರೂಪಕ್ಕೆ ತರುವುದು ಕಿಡ್ನಿ, ಫಾಸ್ಫರಸ್ಸನ್ನು ಹೊರಹಾಕುವುದೂ ಕಿಡ್ನಿ. ಎರಡೂ ತಪ್ಪಿದಾಗ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಮೂಳೆಯಿಂದ ಕ್ಯಾಲ್ಸಿಯಂ ಎಳೆಯುತ್ತವೆ, ಮೂಳೆ ಟೊಳ್ಳಾಗುತ್ತದೆ, ರಕ್ತನಾಳ ಗಡುಸಾಗುತ್ತದೆ. ಇದಕ್ಕೆ ಕೊಡುವ, ಫಾಸ್ಫರಸ್ ಇಳಿಸುವ ಮಾತ್ರೆಯನ್ನು ಊಟದ ಜೊತೆಗೇ ನುಂಗಿಸಬೇಕು. ಊಟವಾಗಿ ಎರಡು ಗಂಟೆ ಬಿಟ್ಟು ಕೊಟ್ಟರೆ ದುಡ್ಡು ದಂಡ, ಅದು ಹಿಡಿದಿಡಬೇಕಾದದ್ದು ಹೊಟ್ಟೆಯಲ್ಲಿರುವ ಊಟದ ಫಾಸ್ಫರಸ್ಸನ್ನು.

ಮಿದುಳು ಮತ್ತು ನರ. ಹಗಲು ತೂಕಡಿಕೆ, ರಾತ್ರಿ ಎಚ್ಚರ. ಲೆಕ್ಕ ತಪ್ಪುವುದು, ಹೇಳಿದ್ದನ್ನೇ ಹೇಳುವುದು, ಸುಮ್ಮನೆ ಸಿಡುಕುವುದು. ಮಲಗಿದರೆ ಕಾಲು ಅಲ್ಲಾಡಿಸದೆ ಇರಲಾಗದು, ಪಾದ ಉರಿ. ಇಲ್ಲಿ ನೀವೇ ಒಂದು ಪರೀಕ್ಷೆ ಮಾಡಬಹುದು. ಎರಡೂ ಕೈ ಮುಂದೆ ಚಾಚಿ, ಬಸ್ ನಿಲ್ಲಿಸುವ ಹಾಗೆ ಅಂಗೈ ಎತ್ತಿ ಹಿಡಿಯಲು ಹೇಳಿ. ಅರ್ಧ ನಿಮಿಷದೊಳಗೆ ಅಂಗೈ ಪಟಪಟ ಎಂದು ಬಿದ್ದು ಏಳುತ್ತಿದ್ದರೆ ವಿಷ ಮಿದುಳಿಗೆ ಮುಟ್ಟಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ. ಇದನ್ನು ಬಿಟ್ಟರೆ ಮುಂದೆ ಫಿಟ್ಸ್, ಕೋಮಾ.

ಎದೆ ಮತ್ತು ಉಸಿರು. ಹೊರಗೆ ಹೋಗದ ನೀರು ಶ್ವಾಸಕೋಶಕ್ಕೆ ಬಂದರೆ ಚಪ್ಪಟೆ ಮಲಗಲು ಆಗುವುದಿಲ್ಲ, ಎರಡು ದಿಂಬು ಮೂರಾಗುತ್ತದೆ, ಆಮೇಲೆ ಕೂತೇ ನಿದ್ದೆ. ರಕ್ತದಲ್ಲಿ ಆಮ್ಲ ಏರಿದಾಗಲೂ ಉಸಿರು ಆಳವಾಗಿ, ಜೋರಾಗಿ ಓಡುತ್ತದೆ, ಶ್ವಾಸಕೋಶ ಶುಭ್ರವಾಗಿದ್ದರೂ ಸಹ. ಇನ್ನೊಂದು, ಹೃದಯದ ಹೊದಿಕೆಗೆ ಉರಿಯೂತವಾಗಿ ಬರುವ ಎದೆನೋವು. ಮಲಗಿದರೆ ಜಾಸ್ತಿ, ಮುಂದಕ್ಕೆ ಬಾಗಿ ಕೂತರೆ ಕಡಿಮೆ. ಇದು ಬಂತೆಂದರೆ ಡಯಾಲಿಸಿಸ್ ಮುಂದೂಡುವ ಮಾತೇ ಇಲ್ಲ.

ಪೊಟ್ಯಾಷಿಯಂ ಅನ್ನು ಬೇರೆಯಾಗಿ ಹೇಳುತ್ತೇನೆ, ಏಕೆಂದರೆ ಅದು ಗುರುತೇ ತೋರಿಸದೆ ಕೊಲ್ಲಬಲ್ಲದು. ಸಾಮಾನ್ಯ ಮಟ್ಟ 3.5ರಿಂದ 5. 6.5 ದಾಟಿದರೆ ಹೃದಯದ ಬಡಿತ ಯಾವಾಗ ಬೇಕಾದರೂ ತಪ್ಪಬಹುದು. ಕೆಲವರಿಗೆ ಕಾಲು ಎತ್ತಲಾಗದಷ್ಟು ಸೋಲು, ನಾಡಿ ನಿಧಾನ. ಕೆಲವರಿಗೆ ಏನೂ ಇಲ್ಲ, ಇಸಿಜಿಯಲ್ಲಷ್ಟೇ ಗೊತ್ತಾಗುತ್ತದೆ. ಆದ್ದರಿಂದ ಇದನ್ನು ಅಡುಗೆಮನೆಯಲ್ಲೇ ತಡೆಯಬೇಕು.

ಅಡುಗೆಮನೆ

ಸುಸ್ತಾಗಿ ಮಲಗಿದವರನ್ನು ನೋಡಲು ಬರುವವರು ಎಳನೀರು ತರುತ್ತಾರೆ. ಪ್ರೀತಿಯಿಂದಲೇ ತರುತ್ತಾರೆ, ಆದರೆ ಒಂದು ದೊಡ್ಡ ಲೋಟ ಎಳನೀರಿನಲ್ಲಿ 500 ಮಿಲಿಗ್ರಾಂ ಆಸುಪಾಸು ಪೊಟ್ಯಾಷಿಯಂ ಇರುತ್ತದೆ. ಪೊಟ್ಯಾಷಿಯಂ ಏರಿರುವವರಿಗೆ ಇದು ಅಪಾಯ. ಬಂದವರ ಮನಸ್ಸು ನೋಯಬಾರದು ಅಂದರೆ ಇಸಿದುಕೊಂಡು ನೀವು ಕುಡಿಯಿರಿ. ಒಆರ್‌ಎಸ್‌ನಲ್ಲೂ ಪೊಟ್ಯಾಷಿಯಂ ಇದೆ. ಬಾಳೆಹಣ್ಣು, ಕಿತ್ತಳೆ ರಸ, ಒಣಹಣ್ಣು, ಟೊಮೆಟೊ ಗೊಜ್ಜು ಇವೂ ಅದೇ ಪಟ್ಟಿಗೆ. ಸೇಬು, ಪಪ್ಪಾಯಿಯ ಒಂದು ಸಣ್ಣ ಹೋಳು, ಪೇರಲೆ ಎಷ್ಟು ತಿನ್ನಬಹುದು ಎನ್ನುವುದೆಲ್ಲ ಅವರವರ ರಿಪೋರ್ಟಿನ ಮೇಲೆ, ಡಯಟಿಷಿಯನ್ ಹೇಳಿದಂತೆ.

ತರಕಾರಿ, ಸೊಪ್ಪನ್ನು ಸಣ್ಣಗೆ ಹೆಚ್ಚಿ, ತುಂಬ ನೀರಿನಲ್ಲಿ ಬೇಯಿಸಿ, ನೀರು ಬಸಿದು ಚೆಲ್ಲಿದರೆ ಪೊಟ್ಯಾಷಿಯಂ ಸಾಕಷ್ಟು ಇಳಿಯುತ್ತದೆ ಎಂದು ಎಲ್ಲ ಆಸ್ಪತ್ರೆಯಲ್ಲೂ ಹೇಳುತ್ತಾರೆ. ಆದರೆ ನಮ್ಮ ಹಳೇ ಮೈಸೂರು ಕಡೆಯ ಮನೆಗಳಲ್ಲಿ ಆಗುವುದೇ ಬೇರೆ. ನಾವು ಬಸಿಯುವುದು ಚೆಲ್ಲುವುದಕ್ಕಲ್ಲ, ಬಸ್ಸಾರು ಮಾಡುವುದಕ್ಕೆ! ಸೊಪ್ಪು, ಕಾಳು ಬೆಂದ ಆ ಕಟ್ಟಿನಲ್ಲೇ ಪೊಟ್ಯಾಷಿಯಂ ಇಳಿದಿರುತ್ತದೆ, ಅದಕ್ಕೇ ಮಸಾಲೆ ರುಬ್ಬಿ ಹಾಕಿ ಮುದ್ದೆಯ ಜೊತೆ ಬಡಿಸುತ್ತೇವೆ. ಕಿಡ್ನಿ ರೋಗಿಗೆ ಬಸಿದ ಸೊಪ್ಪಿನ ಪಲ್ಯ ಸ್ವಲ್ಪ ಕೊಡಬಹುದು, ಕಟ್ಟಿನ ಸಾರು ಬೇಡ. ಹುರುಳಿ ಕಟ್ಟಿಗೂ ಇದೇ ಮಾತು. ಮುದ್ದೆ ವಿಷಯಕ್ಕೆ ಬಂದರೆ, ರಾಗಿ ವಿಷವಲ್ಲ, ಆದರೆ ಅಕ್ಕಿಗಿಂತ ಅದರಲ್ಲಿ ಪೊಟ್ಯಾಷಿಯಂ, ಫಾಸ್ಫರಸ್ ಎರಡೂ ಜಾಸ್ತಿ. "ಅನ್ನ ಬಿಟ್ಟು ಮೂರು ಹೊತ್ತೂ ರಾಗಿ" ಎನ್ನುವ ಶುಗರ್ ಪಥ್ಯ ಇಲ್ಲಿ ಹೊಂದುವುದಿಲ್ಲ.

ಉಪ್ಪು ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ. ಸಾರಿಗೆ ಉಪ್ಪು ಕಡಿಮೆ ಮಾಡಿ ಪಕ್ಕದಲ್ಲಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಇಟ್ಟರೆ ಏನು ಬಂತು? ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪು ಇನ್ನೂ ಕೆಟ್ಟದ್ದು, ಅದರಲ್ಲಿ ಸೋಡಿಯಂ ಬದಲು ಸೇರಿಸಿರುವುದು ಪೊಟ್ಯಾಷಿಯಂ ಕ್ಲೋರೈಡ್. ಬಿಪಿಗೆ ಒಳ್ಳೆಯದು ಎಂದು ತಂದು ಕಿಡ್ನಿ ರೋಗಿಯ ಅಡುಗೆಗೆ ಹಾಕುವವರಿದ್ದಾರೆ.

ಧಾರೆಹುಳಿ ಅಥವಾ ಕಮರಾಕ್ಷಿ, ಅಡ್ಡ ಕೊಯ್ದರೆ ನಕ್ಷತ್ರದ ಆಕಾರದಲ್ಲಿ ಕಾಣುವ ಐದು ಏಣಿನ ಹಣ್ಣು, ಇದನ್ನಂತೂ ಒಂದು ಹೋಳೂ ಕೊಡಬೇಡಿ. ಅದರಲ್ಲಿರುವ ಕ್ಯಾರಾಂಬಾಕ್ಸಿನ್ ಎಂಬ ವಿಷವನ್ನು ಚೆನ್ನಾಗಿರುವ ಕಿಡ್ನಿ ಹೊರಹಾಕುತ್ತದೆ, ಸೋತ ಕಿಡ್ನಿಗೆ ಆಗದು. ಮೊದಲು ನಿಲ್ಲದ ಬಿಕ್ಕಳಿಕೆ, ಆಮೇಲೆ ಗೊಂದಲ, ಫಿಟ್ಸ್, ಸಾವೂ ಆಗಿದೆ. ಅದರ ದಾಯಾದಿ ಬಿಂಬುಳಿಯನ್ನು ಕೊಲೆಸ್ಟರಾಲ್ ಇಳಿಯಲಿ ಎಂದು ಲೋಟಗಟ್ಟಲೆ ರಸ ಮಾಡಿ ಕುಡಿದ ಆರೋಗ್ಯವಂತರಿಗೇ ಆಕ್ಸಲೇಟ್ ತುಂಬಿ ಕಿಡ್ನಿ ನಿಂತ ಪ್ರಕರಣಗಳು ಕೇರಳದಲ್ಲಿ ವರದಿಯಾಗಿವೆ. ಮೀನು ಸಾರಿಗೆ ಎರಡು ಹಾಕುವುದು ಬೇರೆ, ರಸ ಕುಡಿಯುವುದು ಬೇರೆ.

ಪ್ರೋಟೀನ್ ಬಗ್ಗೆ ಗಮನಿಸಿ: ಡಯಾಲಿಸಿಸ್‌ಗೆ ಮುಂಚೆ ಕಡಿಮೆ, ಒಂದು ಕಿಲೋ ತೂಕಕ್ಕೆ 0.6ರಿಂದ 0.8 ಗ್ರಾಂ. ಡಯಾಲಿಸಿಸ್ ಶುರುವಾದ ಮೇಲೆ ಜಾಸ್ತಿ, 1ರಿಂದ 1.2 ಗ್ರಾಂ, ಏಕೆಂದರೆ ಆಗ ಸ್ವಲ್ಪ ಹೊರಗೆ ಹೋಗಿಬಿಡುತ್ತದೆ. ಹಳೆಯ ಪಥ್ಯದ ಚೀಟಿಯನ್ನೇ ಹಿಡಿದುಕೊಂಡು ಡಯಾಲಿಸಿಸ್‌ನವರನ್ನು ಉಪವಾಸ ಕೆಡವುವ ಮನೆಗಳು ಕಡಿಮೆಯಿಲ್ಲ.

ನೀರು ಜಾಸ್ತಿ ಕುಡಿದರೆ ಕಿಡ್ನಿ ತೊಳೆಯುತ್ತದೆ ಎನ್ನುವುದು ಕಲ್ಲಿನವರ ಮಾತು. ಮೂತ್ರ ಕಡಿಮೆಯಾಗಿ ಊತ ಇರುವವರಿಗೆ ಸಾಮಾನ್ಯವಾಗಿ ಹಿಂದಿನ ದಿನ ಹೋದಷ್ಟು ಮೂತ್ರಕ್ಕೆ ಅರ್ಧ ಲೀಟರ್ ಸೇರಿಸಿ ಹೇಳುತ್ತಾರೆ. ಕಾಫಿ, ಮಜ್ಜಿಗೆ, ಸಾರು ಎಲ್ಲ ಈ ಲೆಕ್ಕದೊಳಗೆ. ಬೆಳಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ, ಅದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಒಂದೆರಡು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು.

ಮಾತ್ರೆ ಡಬ್ಬಿ

ಮಂಡಿನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆಗಳನ್ನು ಮನೆಯಿಂದಲೇ ತೆಗೆಯಿರಿ. ಉಳಿದ ಸ್ವಲ್ಪ ಕಿಡ್ನಿಯ ರಕ್ತದ ಹರಿವನ್ನು ಇವು ಕಡಿಮೆ ಮಾಡುತ್ತವೆ. ನೋವಿಗೆ ಪ್ಯಾರಾಸಿಟಮಾಲ್ ಇದೆ, ಅದರ ಅಳತೆ ಮೀರದೆ. ಗ್ಯಾಸಿನ ಸಿರಪ್, ಮಲಬದ್ಧತೆಗೆ ಕೊಡುವ ಔಷಧಗಳಲ್ಲಿ ಮೆಗ್ನೀಷಿಯಂ ಇದೆಯೇ ನೋಡಿ, ಸೋತ ಕಿಡ್ನಿ ಅದನ್ನೂ ಹೊರಹಾಕಲಾರದು. ಪಾದದ ಉರಿಗೆ ಕೊಡುವ ಗ್ಯಾಬಾಪೆಂಟಿನ್, ಪ್ರೀಗ್ಯಾಬಲಿನ್ ಮೈಯಲ್ಲೇ ಉಳಿದು ತೂಕಡಿಕೆ, ಕೈಕಾಲು ಎಗರುವುದು ತರುತ್ತವೆ, ಡೋಸ್ ಕಡಿಮೆ ಬೇಕು. ಇಜಿಎಫ್‌ಆರ್ 30ಕ್ಕಿಂತ ಇಳಿದರೆ ಮೆಟ್‌ಫಾರ್ಮಿನ್ ನಿಲ್ಲಿಸುತ್ತಾರೆ. ನಾಟಿ ಔಷಧಿ ಕೊಡುವವರು ಒಳಗೇನಿದೆ ಎಂದು ಹೇಳದಿದ್ದರೆ ತರಬೇಡಿ. ಹಾವಿನ ವಿಷಕ್ಕೆ ಕೊಡುತ್ತಿದ್ದ ಈಶ್ವರಿ ಬಳ್ಳಿಯ ಜಾತಿಯ ಗಿಡಗಳಲ್ಲಿ ಅರಿಸ್ಟೊಲೋಕಿಕ್ ಆಮ್ಲವಿದೆ, ಕಿಡ್ನಿಯನ್ನು ಅದು ಶಾಶ್ವತವಾಗಿ ಒಣಗಿಸುತ್ತದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಯಲ್ಲಿ ಅಂಥ ಗಿಡ ಸೇರಿ ಎಷ್ಟೋ ಹೆಂಗಸರು ಡಯಾಲಿಸಿಸ್‌ಗೆ ಬಂದರು.

ಡಯಾಲಿಸಿಸ್‌ಗೆ ಮುಂಚೆ

"ಒಮ್ಮೆ ಹಾಕಿದರೆ ಜೀವನಪೂರ್ತಿ" ಎಂದು ಹೆದರಿ ಓಡುವವರಿಗೆ: ಕೊಳಕುಮಂಡಲ ಕಚ್ಚಿ, ಇಲಿಜ್ವರ ಬಂದು, ವಾಂತಿಭೇದಿಯಾಗಿ ದಿಢೀರನೆ ನಿಂತ ಕಿಡ್ನಿ ಎಷ್ಟೋ ಸಲ ಕೆಲವು ವಾರದಲ್ಲಿ ಚೇತರಿಸಿಕೊಳ್ಳುತ್ತದೆ, ಅಲ್ಲಿಯವರೆಗೆ ಡಯಾಲಿಸಿಸ್ ಬೇಕು ಅಷ್ಟೇ. ಜೀವನಪೂರ್ತಿ ಬೇಕಾಗುವುದು ನಿಧಾನವಾಗಿ ಸತ್ತ ಕಿಡ್ನಿಗೆ. ಅದು ಡಯಾಲಿಸಿಸ್ ಮಾಡಿದ್ದರಿಂದ ಆದದ್ದಲ್ಲ.

ಹಾಗೆಂದು ಸಂಖ್ಯೆ ನೋಡಿ ಬೇಗ ಶುರು ಮಾಡಬೇಕೆಂದೂ ಇಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಬೇಗ ಶುರು ಮಾಡಿದವರು ಜಾಸ್ತಿ ಬದುಕಲಿಲ್ಲ. ಮೇಲೆ ಬರೆದ ಗುರುತುಗಳನ್ನು ನೋಡುತ್ತಾ ಕಾಯಬಹುದು. ಆದರೆ ತಯಾರಿಗೆ ಕಾಯಬೇಡಿ. ಇಜಿಎಫ್‌ಆರ್ 30ರ ಕೆಳಗೆ ಬಂದ ಕೂಡಲೇ ಬಲಗೈಯವರ ಎಡಗೈಯನ್ನು ಕಾಪಾಡಿ. ಆ ಕೈಯಲ್ಲಿ ಡ್ರಿಪ್ ಬೇಡ, ರಕ್ತ ತೆಗೆಯುವುದು ಬೇಡ. ನರ್ಸ್ ಸೂಜಿ ಹಿಡಿದು ಬಂದಾಗ ಬಾಯಿಬಿಟ್ಟು ಹೇಳಿ, ಸಂಕೋಚ ಮಾಡಬೇಡಿ. ಅಲ್ಲೇ ಮುಂದೆ ಡಯಾಲಿಸಿಸ್ ಸೂಜಿಗಾಗಿ ಎರಡು ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡುವುದು, ಮಾಡಿದ ಮೇಲೆ ಅದು ಹದಕ್ಕೆ ಬರಲು ಆರು ವಾರದಿಂದ ಮೂರು ತಿಂಗಳು ಬೇಕು. ಮಾಡಿಸಿದ ಮೇಲೆ ಆ ಕೈಯಲ್ಲಿ ಬಿಪಿಯನ್ನೂ ನೋಡಬಾರದು, ಬಿಗಿ ಬಳೆ, ವಾಚ್ ಬೇಡ, ಆ ಕೈ ಮೇಲೆ ಮಲಗಬಾರದು. ದಿನಾ ಬೆಳಗ್ಗೆ ಬೆರಳಿಟ್ಟು ಝುಂ ಎನ್ನುವ ಕಂಪನ ಇದೆಯೇ ನೋಡಿ, ನಿಂತಿದ್ದರೆ ಅದೇ ದಿನ ಫೋನ್ ಮಾಡಿ. ಈ ತಯಾರಿ ಇಲ್ಲದೆ ಕೊನೆಗಳಿಗೆಯಲ್ಲಿ ಬಂದವರಿಗೆ ಕುತ್ತಿಗೆಗೆ ನಳಿಕೆ ಹಾಕಬೇಕಾಗುತ್ತದೆ, ಅದರಿಂದ ಸೋಂಕು ಜಾಸ್ತಿ. ಹೆಪಟೈಟಿಸ್ ಬಿ ಲಸಿಕೆಯನ್ನೂ ಈಗಲೇ ಶುರು ಮಾಡಿ, ಕಿಡ್ನಿ ರೋಗಿಗಳಿಗೆ ದೊಡ್ಡವರ ಮಾಮೂಲು ಡೋಸಿನ ಎರಡರಷ್ಟು ಕೊಡುತ್ತಾರೆ.

ರಾತ್ರಿಯಾದರೂ ಹೊರಡಬೇಕಾದ ಸಂದರ್ಭ ಇವು: ಮಲಗಲಾಗದ ಉಸಿರಾಟ, ಎದೆನೋವು, ಫಿಟ್ಸ್ ಅಥವಾ ಗುರುತು ಹಿಡಿಯದಷ್ಟು ಮಂಪರು, ಕಾಲಿನ ಬಲ ದಿಢೀರನೆ ಹೋಗುವುದು, ನಾಡಿ ತುಂಬ ನಿಧಾನವಾಗುವುದು, ಇಡೀ ದಿನ ಮೂತ್ರವೇ ಇಲ್ಲದಿರುವುದು, ರಕ್ತ ನಿಲ್ಲದಿರುವುದು. ಹತ್ತಿರದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಇಲ್ಲದಿದ್ದರೂ ಇಸಿಜಿ ತೆಗೆದು, ಪೊಟ್ಯಾಷಿಯಂ ಏರಿದ್ದರೆ ಕ್ಯಾಲ್ಸಿಯಂ ಗ್ಲುಕೋನೇಟ್, ಗ್ಲೂಕೋಸಿನ ಜೊತೆ ಇನ್ಸುಲಿನ್ ಕೊಟ್ಟು ಸ್ವಲ್ಪ ಸಮಯ ಗಳಿಸಿಕೊಡಬಹುದು. ಕಿಡ್ನಿ ಕಾಯಿಲೆ ಇದೆ ಎಂದು ಒಳಗೆ ಕಾಲಿಟ್ಟ ಕೂಡಲೇ ಹೇಳಿ, ಕೊನೆಯ ರಿಪೋರ್ಟ್ ಮತ್ತು ಮಾತ್ರೆಗಳ ಫೋಟೋ ಫೋನಿನಲ್ಲಿರಲಿ.

ಖರ್ಚಿನ ವಿಷಯ. ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಶುರುವಾಗಿದ್ದು, ಬಿಪಿಎಲ್ ಕುಟುಂಬಗಳಿಗೆ ಉಚಿತ. ನಿಮ್ಮ ಜಿಲ್ಲಾ ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ ಯಂತ್ರ ಖಾಲಿ ಇದೆಯೇ ಎಂದು ಬೇಕಾಗುವ ಮುಂಚೆಯೇ ಹೋಗಿ ಕೇಳಿ, ಸರದಿ ಉದ್ದ ಇರಬಹುದು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಕಿಡ್ನಿಗೆಂದೇ ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆ ಇದೆ. ಹೊಟ್ಟೆಗೆ ನಳಿಕೆ ಇಟ್ಟು ಮನೆಯಲ್ಲೇ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್ ಕೂಡ ಒಂದು ದಾರಿ, ಆಸ್ಪತ್ರೆ ದೂರ ಇರುವ ಊರಿನವರು ಇದನ್ನು ಕೇಳಿ ನೋಡಿ, ಎಲ್ಲ ಡಾಕ್ಟರೂ ತಾವಾಗಿ ಹೇಳುವುದಿಲ್ಲ.

ಕಸಿಗೆ ಡಯಾಲಿಸಿಸ್ ಮೊದಲು ಆಗಲೇಬೇಕೆಂಬ ನಿಯಮವಿಲ್ಲ, ದಾನಿ ಇದ್ದರೆ ನೇರವಾಗಿಯೂ ಮಾಡುತ್ತಾರೆ. 1994ರ ಅಂಗಾಂಗ ಕಸಿ ಕಾನೂನಿನ ಪ್ರಕಾರ ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು, ಗಂಡ ಅಥವಾ ಹೆಂಡತಿ ಹತ್ತಿರದ ಸಂಬಂಧಿಗಳು, 2011ರ ತಿದ್ದುಪಡಿಯಲ್ಲಿ ಅಜ್ಜ, ಅಜ್ಜಿ, ಮೊಮ್ಮಕ್ಕಳೂ ಸೇರಿದರು. ಮನೆಯಲ್ಲಿ ಯಾರೂ ಹೊಂದದಿದ್ದರೆ ಕಸಿ ಮಾಡುವ ಆಸ್ಪತ್ರೆಯ ಮೂಲಕ ಅಂಗಾಂಗ ದಾನ ನೋಡಿಕೊಳ್ಳುವ ರಾಜ್ಯದ ಜೀವಸಾರ್ಥಕತೆ ಸಂಸ್ಥೆಯ ಪಟ್ಟಿಯಲ್ಲಿ ಹೆಸರು ಬರೆಸಬೇಕು. ಪಟ್ಟಿಗೆ ಸೇರುವ ಮುಂಚೆ ಹೃದಯ, ಹಲ್ಲು, ಸೋಂಕು ಎಲ್ಲ ತಪಾಸಣೆ ಆಗಬೇಕಿರುವುದರಿಂದ ಇದಕ್ಕೂ ಕೆಲವು ವಾರ ಹಿಡಿಯುತ್ತದೆ.